ಇನ್ನೂ ಇಲ್ಲ ಎಂದ ಒಂಬತ್ತು ತಿಂಗಳು

ಆಗ ನನಗೆ ಅರವತ್ತೊಂದು. ಹಾಗೆಂದು ರೇಷನ್ ಕಾರ್ಡು ಹೇಳುತ್ತಿತ್ತು. ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟವರಲ್ಲ. ಈಗ್ಗೆ ಹತ್ತು ವರ್ಷದ ಹಿಂದಿನ ಮಾತು. ಉತ್ತರಹಳ್ಳಿಯ ಹಳೇ ಊರಿನ ಬೀದಿಯಲ್ಲಿ, ನಾನು ಹುಟ್ಟಿದ ಮನೆಯಲ್ಲೇ, ನನ್ನ ಮೊಮ್ಮಗಳು ಚಿನ್ನಿ ಬೆಳೆಯಲೋ ಬೇಡವೋ ಎಂದು ನಿಂತಿದ್ದ ದಿನಗಳು ಅವು. ಮಗು ಗೆದ್ದಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಅಳಬೇಕೆಂದು ಓದಲು ಕೂತವರು ಇದನ್ನು ಮುಚ್ಚಿಟ್ಟು ಬೇರೆ ಏನಾದರೂ ಓದಲಿ. ಶಾಲೆಯಲ್ಲಿ ಅವಳ ಹೆಸರು ಸಾನ್ವಿ, ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ಈಗ ಹನ್ನೆರಡು ನಡೆಯುತ್ತಿದೆ. ಓದುವುದು ನಿಧಾನ, ಮಾತು ಒಂದೊಂದು ಸಲ ತಡವರಿಸುತ್ತದೆ, ಮಾತ್ರೆ ಇನ್ನೂ ಇದೆ. ಆದರೆ ನನಗೆ ಎದುರು ಮಾತಾಡುವುದರಲ್ಲಿ ಅವಳು ಯಾವ ಮಗುವಿಗೂ ಹಿಂದೆ ಬಿದ್ದಿಲ್ಲ.

ಮನೆ ದೊಡ್ಡದೇನಲ್ಲ. ಮುಂದೆ ಹಾಲ್, ಅದರ ಪಕ್ಕದಲ್ಲಿ ಮಗ ಸೊಸೆಯ ಕೋಣೆ, ಒಳಗೆ ಅಡುಗೆಮನೆ, ಹಿತ್ತಲ ಕಡೆಗೆ ಬಚ್ಚಲು. ನಾನು ಮಲಗುತ್ತಿದ್ದುದು ಅಡುಗೆಮನೆಯಲ್ಲಿ, ರಾಗಿ ಡ್ರಮ್ಮಿನ ಪಕ್ಕ. ಸುತ್ತ ಮೂರು ಕಡೆ ಅಪಾರ್ಟ್‌ಮೆಂಟು ಎದ್ದಮೇಲೆ ಬಿಸಿಲು ಹನ್ನೊಂದಕ್ಕೆ ಬಂದು ಹನ್ನೆರಡಕ್ಕೆ ಹೋಗುತ್ತಿತ್ತು. ಆ ಒಂದು ಗಂಟೆಯಲ್ಲಿ ಬಟ್ಟೆ, ಮೆಣಸಿನಕಾಯಿ, ಮಗು ಮೂರಕ್ಕೂ ಬಿಸಿಲು ಕಾಣಿಸಬೇಕು. ಮಗ ರಮೇಶ ಎಲೆಕ್ಟ್ರಿಕ್ ಕೆಲಸದವನು. ಊರವರ ಮನೆಗೆಲ್ಲ ಗೀಸರ್ ಹಾಕಿ ಬರುವವನು ನಮ್ಮ ಮನೆಗೂ ಒಂದು ತಂದ. ದೊಡ್ಡವರು ಬೇಕಾದರೆ ಅದರಲ್ಲಿ ಮೀಯಲಿ, ಮಗುವಿಗೆ ಹಂಡೆ ನೀರೇ ಎಂದೆ. ಹಂಡೆ ನನ್ನ ಅವ್ವನದು, ತಾಮ್ರದ್ದು, ಒಲೆಗೆ ಕೂರಿಸಿ ಮಣ್ಣು ಮೆತ್ತಿದ್ದು. ಕಟ್ಟುತ್ತಿರುವ ಬಿಲ್ಡಿಂಗುಗಳ ಹತ್ತಿರ ಬಿಸಾಡಿದ ಹಲಗೆ ಚೂರು ಆರಿಸಿ ತಂದು ಉರಿ ಹಾಕುತ್ತಿದ್ದೆ. ಸೊಸೆ ಸವಿತಾ ಹೊಗೆಗೆ ಕೆಮ್ಮುತ್ತ ಬಚ್ಚಲ ಬಾಗಿಲು ಹಾಕುವಳು, ನಾನು ತೆಗೆಯುವೆನು. ನಮ್ಮಿಬ್ಬರ ಜಗಳದಲ್ಲಿ ಅರ್ಧ ಆ ಬಾಗಿಲಿನದು. ಉಳಿದರ್ಧ ಅವಳ ಫೋನಿನದು.

ನನ್ನ ಕಸುಬು ಮಕ್ಕಳಿಗೆ ನೀರು ಹಾಕುವುದು. ಅವ್ವನಿಂದ ಬಂದದ್ದು. ಪದ್ಮನಾಭನಗರ, ಬನಶಂಕರಿ, ಜಯನಗರದ ಬಾಣಂತಿ ಮನೆಗಳಿಗೆ ಬೆಳಗ್ಗೆ ಹೋಗಿ, ಮಗುವಿಗೆ ಎಣ್ಣೆ ತಿಕ್ಕಿ, ನೆಲದ ಮೇಲೆ ಕಾಲು ನೀಡಿ ಕೂತು, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸಿಕೊಂಡು ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸಿ ಬರುವುದು. ನಲವತ್ತು ವರ್ಷ ಮಾಡಿದೆ. ಎಷ್ಟು ಮಕ್ಕಳು ಎಂದು ಎಣಿಸಿದವಳಲ್ಲ. ಶಾಲೆಯಲ್ಲಿ ಓದಿದ್ದು ಎರಡನೇ ಕ್ಲಾಸಾದರೂ ಮಗುವನ್ನು ಕಾಲ ಮೇಲೆ ಹಾಕಿಕೊಂಡರೆ ಅದರ ಸಮಾಚಾರವೆಲ್ಲ ತಿಳಿದುಬಿಡುತ್ತಿತ್ತು. ಕತ್ತು ಎಷ್ಟು ನಿಂತಿದೆ, ಯಾವ ಕೈಯ ಮುಷ್ಟಿ ಬಿಚ್ಚಿಲ್ಲ, ಬೆನ್ನು ಬಿಗಿಯೋ ಸಡಿಲವೋ, ನೀರು ಬೀಳುವ ಸದ್ದಿಗೆ ಕಣ್ಣು ತಿರುಗುತ್ತದೋ ಇಲ್ಲವೋ. ಡಾಕ್ಟರು ವಾರ ಬಿಟ್ಟು ಹೇಳುವುದನ್ನು ನಾನು ಸೋಪು ಹಚ್ಚುವಾಗಲೇ ಹೇಳುತ್ತಿದ್ದೆ.

ಆದ್ದರಿಂದ ಚಿನ್ನಿಗೆ ಐದು ತಿಂಗಳಾದಾಗ ಮೊದಲು ತಿಳಿದದ್ದು ನನಗೇ. ಗೌರಿ ಹಬ್ಬ ಹತ್ತಿರವಿತ್ತು. ಮೂರು ತಿಂಗಳಿಗೇ ಕತ್ತು ನಿಲ್ಲಿಸಿದ್ದ ಮಗು, ಅವತ್ತು ಕಾಲ ಮೇಲೆ ಬೋರಲು ಹಾಕಿದರೆ ಮುಖ ಎತ್ತಲಿಲ್ಲ. ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಾಗ ಎರಡೂ ಕೈ ಅಗಲಿಸಿ ತಲೆಯನ್ನು ಮುಂದಕ್ಕೆ ಬಗ್ಗಿಸಿತು, ದೊಡ್ಡವರಿಗೆ ನಮಸ್ಕಾರ ಮಾಡಿದ ಹಾಗೆ. ಬಿಟ್ಟಿತು. ಮತ್ತೆ ಮಾಡಿತು. ಹತ್ತು ಹನ್ನೆರಡು ಸಲ. ಅಕ್ಕಪಕ್ಕದವರು ಬೆಚ್ಚಿಬೀಳುವುದು ಅಷ್ಟೇ, ತಾಯತ ಕಟ್ಟಿ ಎಂದರು. ಬೆಚ್ಚಿದ ಮಗು ಒಂದು ಸಲ ಬೆಚ್ಚುತ್ತದೆ, ಹೀಗೆ ಸಾಲಾಗಿ ಬೆಚ್ಚುವುದಿಲ್ಲ. ರಮೇಶನನ್ನು ಕೆಲಸದಿಂದ ಕರೆಸಿ ಅವತ್ತೇ ಆಸ್ಪತ್ರೆಗೆ ಹೊರಡಿಸಿದೆ. ಅಲ್ಲಿ ತಲೆಗೆ ವೈರು ಅಂಟಿಸಿ ನೋಡಿ, ಇದು ಫಿಟ್ಸಿನಲ್ಲೇ ಒಂದು ಜಾತಿ, ಮಿದುಳು ಬೆಳೆಯುವುದನ್ನೇ ತಡೆಯುತ್ತದೆ, ಬೇಗ ಬಂದಿರಿ ಒಳ್ಳೆಯದಾಯಿತು ಎಂದರು. ಬೇಗ ಬಂದದ್ದು ನನ್ನ ಕಾಲುಗಳಿಂದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ವಾರಗಟ್ಟಲೆ ಇಂಜೆಕ್ಷನ್ನು ಕೊಟ್ಟರು. ಮಗು ಊದಿ ಕಡುಬಿನ ಹಾಗಾಯಿತು, ಹಗಲೆಲ್ಲ ರಚ್ಚೆ. ಫಿಟ್ಸು ನಿಂತಿತು, ಆದರೆ ಮಗುವಿನ ಮುಖದಲ್ಲಿ ಏನೂ ಇಲ್ಲ. ನಗುವಿಲ್ಲ, ನೋಟವಿಲ್ಲ; ಗೋಡೆಯನ್ನು ನೋಡಿದ ಹಾಗೆ ನಮ್ಮನ್ನು ನೋಡುವುದು. ಒಂಬತ್ತನೇ ತಿಂಗಳಲ್ಲಿ ಒಂದು ದಿನ ಸವಿತಾ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಆ ಸದ್ದಿಗೆ ಮಗು ನಕ್ಕಿತು. ಅವಳು ಹಿಟ್ಟಿನ ಕೈಯಲ್ಲೇ ವಿಡಿಯೋ ಮಾಡಿ ಫೋನಿನ ಸ್ಟೇಟಸ್ಸಿಗೆ ಹಾಕಿದಳು. ನೆಂಟರಿಷ್ಟರೆಲ್ಲ ನೋಡಿದರು. ಮೂರನೇ ದಿನಕ್ಕೆ ಫಿಟ್ಸು ವಾಪಸ್ಸು ಬಂತು.

"ಯಾರ್ನ ಕೇಳಿ ಹಾಕ್ದೆ ಅದನ್ನ?" ಎಂದೆ.

"ನಗು ಬಂತಲ್ಲ ಅಂತ ಸಂತೋಷಕ್ಕೆ ಹಾಕ್ದೆ ಅತ್ತೆ. ಅದಕ್ಕೂ ಫಿಟ್ಸಿಗೂ ಏನ್ ಸಂಬಂಧ?"

"ಸಂಬಂಧ ಐತೋ ಇಲ್ವೋ ನಂಗೊತ್ತಿಲ್ಲ. ಇನ್ಮೇಲೆ ಈ ಮಗು ಏನ್ ಮಾಡಿದ್ರೂ ಹೊಸ್ಲಿಂದ ಆಚೆ ಹೋಗ್ಬಾರ್ದು. ನಗ್ಲಿ, ಕೂರ್ಲಿ, ಎದ್ದು ನಿಂತ್ಕೊಳ್ಲಿ. ಯಾರ್ ಕೇಳಿದ್ರೂ ಇನ್ನೂ ಇಲ್ಲ ಅನ್ನು."

"ಯಾರ್ ಕೇಳಿದ್ರೂನಾ?"

"ಯಾರ್ ಕೇಳಿದ್ರೂನು."

ಇದು ನನ್ನ ತಲೆಯಲ್ಲಿ ಹುಟ್ಟಿದ ಕಟ್ಟಲೆಯಲ್ಲ. ನನಗೆ ಆರೋ ಏಳೋ ವರ್ಷವಿದ್ದಾಗ ಇದೇ ಮನೆಯ ಹಾಲ್‌ನಲ್ಲಿ, ಆಗ ಅದು ಸಗಣಿ ಸಾರಿಸಿದ ನೆಲ, ನನ್ನ ತಮ್ಮ ಕಂಬ ಹಿಡಿದು ಎದ್ದು ನಿಂತ. ಅವ್ವ ಬೀದಿಗೆ ಓಡಿ ಎಲ್ಲರಿಗೂ ಹೇಳಿದಳು. ಆ ವಾರವೇ ಜ್ವರ ಏರಿ, ಸೆಳೆತ ಬಂದು, ಮಗು ಹೋಯಿತು. ಆಮೇಲೆ ಅವ್ವ ಯಾವ ಮಗುವಿನ ಸುದ್ದಿಯನ್ನೂ ಬಾಯಲ್ಲಿ ಆಡಿದವಳಲ್ಲ. ನೀರು ಹಾಕುವ ಮನೆಗಳಲ್ಲಿ ಮಗು ಬೋರಲು ಬಿದ್ದರೆ ಸಿಹಿದೋಸೆ ಹುಯ್ಯುವರು, ಹೊಸಿಲು ದಾಟಿದರೆ ಕಾಯಿ ಒಡೆಯುವರು. ಅವ್ವ ತನ್ನ ಪಾಲಿನ ದೋಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನಗೆ ಕೊಡುವಳು, ಯಾತಕ್ಕೆ ಮಾಡಿದ್ದರು ಎಂದು ಮಾತ್ರ ಹೇಳಳು. ನಾನು ಕೇಳಿದರೆ ತಿನ್ನು ಸುಮ್ನೆ ಎನ್ನುವಳು. ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಕಲಿತದ್ದು ಹೀಗೆ, ಬಾಯಿ ತುಂಬ ಸಿಹಿ ಇಟ್ಟುಕೊಂಡು.

ಡಾಕ್ಟರು ಔಷಧಿ ಬದಲಾಯಿಸಿದರು. ಶಿವರಾತ್ರಿ ಹೊತ್ತಿಗೆ ಫಿಟ್ಸು ಮತ್ತೆ ನಿಂತಿತು. ಆಗ ಅವರು ಜಯನಗರದ ಕಡೆಯ ಒಂದು ಮಕ್ಕಳ ಕೇಂದ್ರಕ್ಕೆ ಬರೆದುಕೊಟ್ಟರು. ಇಂಥ ಮಕ್ಕಳಿಗೆ ಕೈಕಾಲು ಆಡಿಸಿ, ನೋಡುವುದು ಹಿಡಿಯುವುದು ಕೂರುವುದು ಕಲಿಸುವ ಜಾಗ ಅದು. ಹದಿನೈದು ದಿನಕ್ಕೊಮ್ಮೆ ಹೋಗಬೇಕು. ಸವಿತಾ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲು ಹಾಕುವವಳು, ಅವಳಿಗೆ ರಜ ಸಿಗದು. ರಮೇಶನಿಗೆ ಯಾವಾಗಲೂ ಯಾರದೋ ಮನೆಯ ಕರೆಂಟು ಹೋಗಿರುತ್ತಿತ್ತು. ಕರೆದುಕೊಂಡು ಹೋಗುವವಳು ನಾನೇ. ಅಲ್ಲಿ ನಮ್ಮ ಮಗುವನ್ನು ನೋಡುತ್ತಿದ್ದವಳು ರೇಖಾ ಎಂಬ ಹುಡುಗಿ, ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನು ಅಮ್ಮಾ ಎನ್ನುತ್ತಿದ್ದೆ. ಅವಳ ಹತ್ತಿರ ಒಂದು ಫಾರಂ ಇತ್ತು. ಮಗು ಮಾಡಬೇಕಾದ್ದೆಲ್ಲ ಸಾಲಾಗಿ ಬರೆದು, ಎದುರಿಗೆ ಮೂರು ಚೌಕ: ಮಾಡುತ್ತದೆ, ಒಮ್ಮೊಮ್ಮೆ ಮಾಡುತ್ತದೆ, ಇನ್ನೂ ಇಲ್ಲ. ಚಿನ್ನಿ ಬಸ್ಸಿನ ಕುಲುಕಾಟಕ್ಕೆ ಮಲಗಿಬಿಡುವಳು. ಅಲ್ಲಿ ಎಬ್ಬಿಸಿದರೆ ಹೊಸ ಮುಖ ಕಂಡು ಅತ್ತು ಅತ್ತು ಮೈ ಬಿಟ್ಟುಬಿಡುವಳು. ಆದ್ದರಿಂದ ಫಾರಮ್ಮಿಗೆ ಹೋಗುತ್ತಿದ್ದುದರಲ್ಲಿ ಹೆಚ್ಚಿನದು ನಾನು ಹೇಳಿದ್ದೇ.

"ಅಜ್ಜಿ, ಮಗ್ಗಲು ಹೊಳ್ಳತಾಳೇನ್ರಿ?"

"ಇನ್ನೂ ಇಲ್ಲ ಕಣಮ್ಮ."

"ಕೈಯಾಗ ಏನರ ಕೊಟ್ರ ಹಿಡಿತಾಳೇನು?"

"ಇನ್ನೂ ಇಲ್ಲ."

"ಹೆಸರು ಹಿಡದು ಕರದ್ರ ಹೊಳ್ಳಿ ನೋಡತಾಳೇನು?"

"ಇನ್ನೂ ಇಲ್ಲ."

ಮನೆಯಲ್ಲಿ ನಡೆದದ್ದು ಬೇರೆ. ಯುಗಾದಿಯ ಮಾರನೆ ದಿನ ಚಾಪೆಯ ಮೇಲೆ ತಾನೇ ಬೋರಲು ಬಿದ್ದಳು. ರಾಮನವಮಿ ಹೊತ್ತಿಗೆ ಹಂಡೆ ಒಲೆಯ ಉರಿ ನೋಡಲು ಕತ್ತು ತಿರುಗಿಸಿದಳು. ಗೋಡೆ ನೋಡುತ್ತಿದ್ದ ಕಣ್ಣು ಮೊದಲು ಹಿಡಿದದ್ದು ಬೆಂಕಿಯನ್ನು. ಆಷಾಢದಲ್ಲಿ ನೀರಿನ ಚೊಂಬಿಗೆ ಕೈ ಚಾಚಿದಳು. ಗೌರಿ ಹಬ್ಬದ ಹಿಂದಿನ ದಿನ ರಾಗಿ ಡ್ರಮ್ಮಿಗೆ ಒರಗಿಸಿ ಕೂರಿಸಿದ್ದೆ, ಒರಗು ಬಿಟ್ಟು ತಾನೇ ಕೂತಳು, ಸಾರಿಗೆ ಒಗ್ಗರಣೆ ಹಾಕಿ ನಾನು ಹಿಂತಿರುಗುವಷ್ಟು ಹೊತ್ತು. ಆಯುಧಪೂಜೆಗೆ ರಮೇಶ ಡ್ರಿಲ್ಲಿಂಗ್ ಮೆಷೀನಿಗೆ ಕುಂಕುಮ ಇಡುತ್ತಿದ್ದಾಗ ನನ್ನ ಕಡೆ ತಿರುಗಿ 'ಜ್ಜ' ಎಂದಳು. ಸವಿತಾ ಬಾಯಿಗೆ ವೇಲು ತುರುಕಿಕೊಂಡು ಅತ್ತಳು, ಆಚೆಗೆ ಕೇಳಿಸಬಾರದೆಂದು. ನಾನು ಪ್ರತಿ ಸಲವೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಂಡೆ ಒಲೆಗೆ ಹಾಕಿದೆ. ಬೀದಿ ಕಡೆಯ ಕಿಟಕಿ ಹಾಕಿಯೇ ಇರುತ್ತಿತ್ತು. ಯಾರಾದರೂ ಬಾಗಿಲು ಬಡಿದರೆ, ಕೂತ ಮಗುವನ್ನು ಮಲಗಿಸಿ ದುಪ್ಪಟಿ ಹೊದಿಸಿ ಆಮೇಲೆ ಚಿಲಕ ತೆಗೆಯುತ್ತಿದ್ದೆ. ಬಂದವರು ಅಯ್ಯೋ ಪಾಪ ಎಂದು ಹೋಗುವರು. ಅವರು ಅಯ್ಯೋ ಪಾಪ ಎಂದಷ್ಟೂ ನನಗೆ ಧೈರ್ಯ.

ರೇಖಾಗೆ ಮಾತ್ರ ಅನುಮಾನ ಬಂದಿತ್ತು. ಒಂದು ದಿನ ಮಲಗಿದ್ದ ಮಗುವಿನ ಬೆನ್ನ ಮೇಲೆ ಕೈಯಾಡಿಸುತ್ತ ನನ್ನ ಮುಖ ನೋಡಿದಳು.

"ಅಜ್ಜಿ, ಖರೇ ಹೇಳ್ರಿ. ಈ ಕೂಸಿನ ಬೆನ್ನು ಇಷ್ಟು ಗಟ್ಟಿ ಐತಿ, ಕುಂದ್ರಂಗಿಲ್ಲ ಅಂತೀರಲ್ಲ?"

"ಬೆನ್ನು ಗಟ್ಟಿ ಇರೋದು ನಮ್ಮ ವಂಶದಲ್ಲೇ ಬಂದೈತೆ ಕಣಮ್ಮ."

"ನಿಮ್ಮ ವಂಶದಾಗ ನಾಲಗಿನೂ ಗಟ್ಟಿ ಐತ್ರಿ," ಎಂದು 'ಇನ್ನೂ ಇಲ್ಲ' ಚೌಕಕ್ಕೆ ಗುರುತು ಹಾಕಿದಳು.

ದೀಪಾವಳಿ ಕಳೆದು ಚಿನ್ನಿಗೆ ಇಪ್ಪತ್ತು ತಿಂಗಳಾದಾಗ, ಡಾಕ್ಟರೇ ಕೇಂದ್ರಕ್ಕೆ ಬಂದು ಫಾರಂಗಳನ್ನೆಲ್ಲ ನೋಡುವ ದಿನ. ತಾಯಿತಂದೆ ಬರಲೇಬೇಕು ಎಂದಿದ್ದರು. ರಮೇಶ ಅಪಾರ್ಟ್‌ಮೆಂಟಿನವರೊಬ್ಬರ ಹಳೇ ಕಾರು ಕೇಳಿ ತಂದ. ನಮ್ಮನ್ನು ಇಳಿಸಿ, ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದವನು ಹೋದ. ಜಯನಗರದಲ್ಲಿ ಅದು ಒಂದು ದಿನದ ಕೆಲಸ. ಒಳಗೆ ಸವಿತಾ, ನಾನು, ಅವಳ ಮಡಿಲಲ್ಲಿ ಗೋಣಿಚೀಲದ ಹಾಗೆ ನಿದ್ದೆ ಹೋದ ಚಿನ್ನಿ. ಎದುರಿಗೆ ಡಾಕ್ಟರು, ಪಕ್ಕದಲ್ಲಿ ರೇಖಾ.

"ನೋಡಮ್ಮ, ಫಿಟ್ಸ್ ನಿಂತು ಒಂಬತ್ತು ತಿಂಗಳಾಯ್ತು, ಸಂತೋಷ," ಎಂದರು ಡಾಕ್ಟರು ಸವಿತಾಗೆ. "ಆದ್ರೆ ಮಗು ಇದ್ದಲ್ಲೇ ಇದೆ. ಹೋದ ವಾರ ತಲೆಗೆ ವೈರ್ ಹಾಕಿ ನೋಡಿದ್ವಲ್ಲ, ಅದು ಪೂರ್ತಿ ಚೆನ್ನಾಗೂ ಇಲ್ಲ, ಪೂರ್ತಿ ಕೆಟ್ಟೂ ಇಲ್ಲ. ಹೊರಗೆ ಕಾಣದೆ ಒಳಗೊಳಗೇ ಫಿಟ್ಸ್ ನಡೀತಿರಬಹುದು. ಬೇರೆ ಔಷಧಿ ಶುರು ಮಾಡೋಣ ಅಂತಿದೀನಿ."

"ಅದ್ರಿಂದ ಏನಾದ್ರೂ ತೊಂದ್ರೆ ಇದ್ಯಾ ಸಾರ್?"

"ಇದೆ, ಮುಚ್ಚಿಡಲ್ಲ. ಕೆಲವು ಮಕ್ಕಳಿಗೆ ನೋಟ ಕಡಿಮೆ ಆಗುತ್ತೆ. ಹೋಗಿದ್ದು ಮತ್ತೆ ಬರಲ್ಲ. ಮಗು ಸ್ವಲ್ಪ ಬೆಳೀತಿದ್ರೂ ನಾನು ಈ ಮಾತು ಎತ್ತುತ್ತಿರಲಿಲ್ಲ."

ಸವಿತಾ ಮುಂದಕ್ಕೆ ಬಾಗಿದಳು. "ಬೆಳೀತಿದಾಳಲ್ಲ ಸಾರ್. ಕೂತ್ಕೋತಾಳೆ. ಅವರಜ್ಜೀನ ಕರೀತಾಳೆ."

ಡಾಕ್ಟರು ಫೈಲು ಅವಳ ಕಡೆಗೆ ತಿರುಗಿಸಿದರು. "ಹದಿನೆಂಟು ಸಲ ಬಂದಿದೀರ. ಹದಿನೆಂಟು ಸಲಾನೂ ಇನ್ನೂ ಇಲ್ಲ ಅಂತಿದೆ."

ಅವಳು ಫೈಲನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಯಾರಿಗೂ ಹೇಳಬಾರದು ಎಂದಾಗ ಡಾಕ್ಟರನ್ನು ಬಿಟ್ಟು ಎಂದು ಅವಳು ತಿಳಿದಿದ್ದಳು. ನಾನು ಯಾರನ್ನೂ ಬಿಟ್ಟಿರಲಿಲ್ಲ.

"ಅತ್ತೆ. ಇಲ್ಲೂ ಹೇಳಿಲ್ವಾ?"

ನನಗೆ ಕಂಡದ್ದು ಹಂಡೆ ಒಲೆಯ ಉರಿಯ ಕಡೆಗೆ ತಿರುಗಿದ ಆ ಎರಡು ಕಣ್ಣು. ಯಾರ ಕಣ್ಣೂ ಬೀಳದಿರಲಿ ಎಂದು ಕಾದವಳು ನಾನು, ಈಗ ಮಗುವಿನ ಕಣ್ಣಿಗೇ ಕುತ್ತು ತಂದಿಟ್ಟಿದ್ದೆ. ದೃಷ್ಟಿ ಎನ್ನುವುದು ಇಲ್ಲ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ದೃಷ್ಟಿ ತಾಗಿದರೆ ನಿವಾಳಿಸಬಹುದು. ಡಾಕ್ಟರು ಕೊಟ್ಟ ಔಷಧಿ ತಾಗಿದರೆ ಯಾವ ಮೆಣಸಿನಕಾಯಿ ಸುಡುವುದು?

"ನಾನು ಹೇಳಿದ್ದೆಲ್ಲ ಸುಳ್ಳು ಸಾರ್," ಎಂದೆ. "ಈಗ ನಿಜ ಹೇಳ್ತೀನಿ, ಬರ್ಕೊಳಿ. ಬೋರಲು ಬಿದ್ದಿದ್ದು ಯುಗಾದಿ ಮಾರ್ನೆ ದಿನ. ಕಣ್ಣು ಬಂದಿದ್ದು ರಾಮನವಮೀಗೆ. ಆಷಾಢದಾಗೆ ಕೈ ಚಾಚಿದ್ಳು, ಮೊದ್ಲು ಬಲಗೈ, ಹದಿನೈದು ದಿನ ಬಿಟ್ಟು ಎಡಗೈ. ಗೌರಿ ಹಬ್ಬಕ್ಕೆ ಕೂತ್ಲು. ಆಯುಧಪೂಜೆಗೆ ನನ್ ಕರೆದ್ಲು. ಮೊನ್ನೆ ದೀಪಾವಳಿ ಆದ್ಮೇಲಿಂದ ತೆವಳ್ತಾಳೆ, ಎಡಗಾಲು ಇನ್ನೂ ಎಳೀತಾಳೆ."

ಡಾಕ್ಟರು ಬರೆದುಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಅಜ್ಜಿ, ಔಷಧಿ ಹೆಸರು ಹೇಳಿದ್ಮೇಲೆ ಎಲ್ಲರ ಮನೆ ಮಗೂನೂ ಕೂತ್ಕೊಳುತ್ತೆ. ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ."

ಮಾತು ನ್ಯಾಯವಾಗಿತ್ತು. ಒಂಬತ್ತು ತಿಂಗಳು ಸುಳ್ಳು ಹೇಳಿದವಳನ್ನು ಹತ್ತನೇ ತಿಂಗಳು ಯಾಕೆ ನಂಬಬೇಕು. ಮಗುವನ್ನು ಎಬ್ಬಿಸಿದರು. ಅತ್ತಳು. ರೇಖಾ ಗಿಲಕಿ ಆಡಿಸಿದಳು, ಕೆಂಪು ಚೆಂಡು ಉರುಳಿಸಿದಳು, ಗೊಂಬೆ ಕುಣಿಸಿದಳು. ಸವಿತಾ ಕಂದಾ, ಚಿನ್ನಿ, ನೋಡು ಎಂದು ಬೇಡಿಕೊಂಡಳು. ಮಗು ಬೆನ್ನು ಬಿಟ್ಟು, ಕೈ ಬಿಟ್ಟು, ಕಣ್ಣು ಮುಚ್ಚಿಕೊಂಡು ಅತ್ತಿತು, ಫಾರಮ್ಮಿನಲ್ಲಿ ಬರೆದ ಹಾಗೆಯೇ. ಡಾಕ್ಟರು ಚೀಟಿ ಎಳೆದುಕೊಂಡು ಬರೆಯಲು ಶುರು ಮಾಡಿದರು.

"ಇಲ್ಲಿ ಬಿಸಿನೀರು ಸಿಗ್ತದಾ?" ಎಂದೆ.

"ಕುಡಿಯಾಕೇನ್ರಿ?" ಎಂದಳು ರೇಖಾ.

"ಮೀಯಕ್ಕೆ."

ಆ ಮಕ್ಕಳಿಗೆ ಕೈಕಾಲು ತೊಳೆಯುವುದು ಕಲಿಸಲೆಂದು ಅಲ್ಲಿ ಒಂದು ದೊಡ್ಡ ಬಚ್ಚಲಿತ್ತು, ಗೀಸರ್ ಇತ್ತು. ಮಗುವನ್ನು ಸವಿತಾಳ ಕೈಯಿಂದ ತೆಗೆದುಕೊಂಡು ಹೋದೆ. ಡಾಕ್ಟರು ಏನಮ್ಮ ಇದು ಎನ್ನುತ್ತ ಹಿಂದೆ ಬಂದರು. ಸೀರೆಯನ್ನು ಮೊಣಕಾಲಿನ ತನಕ ಎತ್ತಿಕಟ್ಟಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ನೆಲದ ಮೇಲೆ ಕೂತೆ. ನಾಚಿಕೆ ಪಡುವ ಕಾಲವಲ್ಲ ಅದು. ಮಗುವಿನ ಬಟ್ಟೆ ಬಿಚ್ಚಿ ಕಾಲ ಮೇಲೆ ಬೋರಲು ಹಾಕಿಕೊಂಡೆ. ಮೊದಲ ಮಗ್ಗು ನೀರು ಬೆನ್ನ ಮೇಲೆ ಬಿದ್ದದ್ದೇ ಅಳು ನಿಂತಿತು. ಕಾಲು ಯಾರದೆಂದು ಅವಳಿಗೆ ಗೊತ್ತಾಯಿತು. ಕತ್ತು ಎತ್ತಿದಳು. ಎತ್ತಿ, ಬಾಗಿಲಲ್ಲಿ ಬೂಟು ಹಾಕಿಕೊಂಡು ನಿಂತವರನ್ನು ಇವರು ಯಾರು ಎನ್ನುವ ಹಾಗೆ ನೋಡಿದಳು. ಅಂಗಾತ ಹಾಕಿ ಮಗ್ಗನ್ನು ಎಡಕ್ಕೆ ಒಯ್ದೆ, ಕಣ್ಣು ಎಡಕ್ಕೆ ಬಂತು. ಬಲಕ್ಕೆ ಒಯ್ದೆ, ಬಲಕ್ಕೆ ಬಂತು. ಎತ್ತಿ ನನ್ನ ಕಾಲುಗಳ ನಡುವೆ ನೆಲದ ಮೇಲೆ ಕೂರಿಸಿ ಎರಡೂ ಕೈ ಬಿಟ್ಟೆ. ಕೂತಳು. ತಲೆಗೆ ನೀರು ಹುಯ್ದರೂ ಅಲ್ಲಾಡದೆ ಕೂತಳು, ಬಾಯಿಗೆ ಬಂದ ನೀರನ್ನು ಪುರ್ರೆಂದು ಉಗಿದಳು.

ರೇಖಾ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ತೊಡೆಯ ಮೇಲೆ ಫಾರಂ ಇಟ್ಟುಕೊಂಡಳು. ಒಂದೊಂದನ್ನೂ ಜೋರಾಗಿ ಓದುತ್ತ ಗುರುತು ಹಾಕತೊಡಗಿದಳು, ದೇವಸ್ಥಾನದಲ್ಲಿ ಹೆಸರು ಕೂಗಿ ಅರ್ಚನೆ ಮಾಡಿಸುವ ಹಾಗೆ.

"ಕುತಗಿ ನಿಲ್ಲಸತಾಳ. ಸಾಮಾನು ಹಿಂದ ಕಣ್ಣು ಹೊಳ್ಳಸತಾಳ. ಆಸರ ಇಲ್ಲದ ಕುಂದರತಾಳ. ಸರ್, ನೀವೂ ನೋಡಾಕತ್ತೀರಲ್ರಿ?"

"ನೋಡ್ತಿದೀನಿ, ಬರೀರಿ," ಎಂದರು ಡಾಕ್ಟರು.

ಕೊನೆಯ ನೀರನ್ನು ನಾನು ಮನೆಯಲ್ಲಿ ಸುಮ್ಮನೆ ಹುಯ್ಯುವುದಿಲ್ಲ. ಕೇಳುವ ತನಕ ತಡೆಹಿಡಿಯುತ್ತೇನೆ. ಅಲ್ಲಿಯೂ ತಡೆದೆ. ಮಗು ನನ್ನ ಮೊಣಕಾಲಿಗೆ ಅಂಗೈಯಲ್ಲಿ ಪಟಪಟ ಹೊಡೆದು 'ಜ್ಜ' ಎಂದಿತು. ಮತ್ತೂ ತಡೆದೆ. ಅವಳಿಗೆ ಸಿಟ್ಟು ಬಂತು. ಕೈ ಚಾಚಿ ನನ್ನ ಕೈಯಿಂದ ಆ ನೀಲಿ ಪ್ಲಾಸ್ಟಿಕ್ ಮಗ್ಗನ್ನು ಕಿತ್ತುಕೊಂಡಳು, ಒಂದು ಗಳಿಗೆ ನೋಡಿದಳು, ಎಸೆದಳು. ಅದು ಹೋಗಿ ಡಾಕ್ಟರ ಬೂಟಿಗೆ ಬಿತ್ತು. ಅವರ ಪ್ಯಾಂಟು ಮೊಣಕಾಲಿನ ತನಕ ನೆನೆಯಿತು.

"ಕೈಯಾಗಿನ ಸಾಮಾನು ಬೇಕಂತ ಒಗಿತಾಳ," ಎಂದಳು ರೇಖಾ. ಹುಡುಕಿದಳು. "ಸರ್, ಇದು ಈ ಪುಟದಾಗ ಇಲ್ರಿ. ಮುಂದಿನದ್ರಾಗೈತಿ." ಪುಟ ತಿರುವಿದಳು. ಹದಿನೆಂಟು ಸಲ ಅವಳು ನಮ್ಮ ಫಾರಮ್ಮಿನ ಪುಟ ತಿರುವಿರಲಿಲ್ಲ.

ಸವಿತಾ ಬಾಗಿಲ ಕಂಬಿ ಹಿಡಿದುಕೊಂಡು ನಿಂತಿದ್ದಳು. ಈ ಸಲ ಬಾಯಿಗೆ ಏನನ್ನೂ ತುರುಕಿಕೊಳ್ಳದೆ ಅತ್ತಳು. ಆ ಸದ್ದಿಗೆ ಪಕ್ಕದ ಕೋಣೆಯವರೆಲ್ಲ ಬಂದು ಇಣುಕಿ ನೋಡಿದರು. ನೋಡಲಿ ಎಂದು ಸುಮ್ಮನಿದ್ದೆ.

ಡಾಕ್ಟರು ಒದ್ದೆ ಬೂಟಿನಲ್ಲೇ ಮೇಜಿನ ಹತ್ತಿರ ಹೋಗಿ ಬರೆದಿದ್ದ ಚೀಟಿಯನ್ನು ಎರಡು ತುಂಡು ಮಾಡಿದರು.

"ಈಗಿರೋ ಔಷಧೀನೇ ಇರಲಿ. ಆರು ವಾರ ಬಿಟ್ಟು ಮತ್ತೆ ನೋಡ್ತೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಒಂಬತ್ತು ತಿಂಗಳು ನಾನು ಯಾವ ಮಗೂಗೆ ಚಿಕಿತ್ಸೆ ಮಾಡ್ತಿದ್ದೆ ಹೇಳಿ?"

"ನಾನು ಹೇಳಿದ್ ಮಗೂಗೆ."

"ಇನ್ಮೇಲೆ ಇದಕ್ಕೆ ಮಾಡೋಣ್ವಾ?"

"ಮಾಡಿ," ಎಂದೆ.

ರೇಖಾ ಒಂದು ಚೀಟಿಯಲ್ಲಿ ದಪ್ಪ ದಪ್ಪ ಅಂಕಿಯಲ್ಲಿ ತನ್ನ ಫೋನ್ ನಂಬರು ಬರೆದುಕೊಟ್ಟಳು. ಮನ್ಯಾಗ ಏನ ಹೊಸಾದು ಮಾಡಿದ್ರೂ ಅವತ್ತ ನನಗ ಹೇಳ್ಬೇಕ್ರಿ, ಹದಿನೈದು ದಿನ ಕಾಯಬ್ಯಾಡ್ರಿ ಎಂದಳು. ಅಷ್ಟರಲ್ಲಿ ರಮೇಶ ಬೆವರೊರೆಸಿಕೊಳ್ಳುತ್ತ ಒಳಗೆ ಬಂದು, ಕೊನೆಗೂ ಜಾಗ ಸಿಕ್ತು ಎಂದ. ಎತ್ತಿಕಟ್ಟಿದ ಒದ್ದೆ ಸೀರೆಯಲ್ಲಿ ನಿಂತ ತಾಯಿಯನ್ನೂ, ಒದ್ದೆ ಪ್ಯಾಂಟಿನ ಡಾಕ್ಟರನ್ನೂ ನೋಡಿದ. ಹೊರಡೋಣ ಎಂದೆ.

ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಸವಿತಾ ಶುರು ಮಾಡಿದಳು.

"ಕಣ್ಣು ಹೋಗ್ತಿತ್ತು ಅತ್ತೆ."

"ಹೋಗ್ಲಿಲ್ಲ."

"ನೀವು ಬಾಯಿ ಬಿಡ್ದೇ ಇದ್ದಿದ್ರೆ?"

"ಬಿಟ್ನಲ್ಲ."

"ನಾನು ಸ್ಟೇಟಸ್ ಹಾಕಿದ್ದಕ್ಕೆ ಒಂದು ವಾರ ಮಾತು ಬಿಟ್ರಿ. ಈಗ ನೀವು ಮಾಡಿದ್ದಕ್ಕೆ ಏನಂತೀರ?"

ಅದಕ್ಕೆ ನನ್ನ ಹತ್ತಿರ ಉತ್ತರ ಒಂದೇ ಇತ್ತು. ನುಂಗಿಕೊಳ್ಳಲು ನೋಡಿದೆ, ಇಳಿಯಲಿಲ್ಲ.

"ತಪ್ಪಾಯ್ತು ಕಣೆ."

"ಏನಂದ್ರಿ? ಕೇಳಿಸ್ಲಿಲ್ಲ."

"ತಪ್ಪಾಯ್ತು ಅಂದೆ."

ರಮೇಶ ಮುಂದಿನ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೂತುಬಿಟ್ಟ. ಸಿಗ್ನಲ್ಲು ಬಿಟ್ಟು, ಹಿಂದಿನವರೆಲ್ಲ ಹಾರನ್ನು ಹೊಡೆದರೂ ಅವನ ಕಾಲು ಎಕ್ಸಲೇಟರಿಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ಆ ಮಾತನ್ನು ನನ್ನ ಬಾಯಲ್ಲಿ ಅವನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವತ್ತು ಸಂಜೆ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಾಗಿಲು ಬಡಿದಾಗ ಮಗುವನ್ನು ಮಲಗಿಸಲಿಲ್ಲ, ಹಾಗೆಯೇ ಹೋಗಿ ಚಿಲಕ ತೆಗೆದೆ. ಚಾಪೆಯ ಮೇಲೆ ಕೂತಿದ್ದ ಚಿನ್ನಿಯನ್ನು ನೋಡಿ ಆಕೆ ಹೆಪ್ಪು ಮರೆತು ನಿಂತಳು. ಬಟ್ಟಲು ನಾನೇ ಆಕೆಯ ಕೈಯಿಂದ ತೆಗೆದುಕೊಳ್ಳಬೇಕಾಯಿತು.

ಮಾರನೆಯ ಬೆಳಗ್ಗೆ ಎದ್ದು ಒಲೆಗೆ ಉರಿ ಹಾಕಿದೆ. ಚಿನ್ನಿಯನ್ನು ಬಚ್ಚಲ ಬಾಗಿಲಲ್ಲಿ ಮಣೆಯ ಮೇಲೆ ಕೂರಿಸಿ, ಎಣ್ಣೆ ಬೆಚ್ಚಗೆ ಮಾಡುತ್ತಿದ್ದೆ. ತಿರುಗಿ ನೋಡಿದರೆ ಮಗುವಿನ ಮುಖವಿಲ್ಲ. ಅವಳು ಟವಲನ್ನು ಎಳೆದು ತಲೆಯ ಮೇಲೆ ಹಾಕಿಕೊಂಡಿದ್ದಳು. ಒಂದು ಗಳಿಗೆ ಹಾಗೆ ಕೂತು, ಟವಲು ಜಗ್ಗಿ ಕೆಳಗೆ ಹಾಕಿ, ನನ್ನ ಮುಖ ನೋಡಿ ನಕ್ಕಳು. ನಾನು ಏನು ಮಾಡುತ್ತೇನೆಂದು ಕಾದಳು. ನಾನು ಕಲ್ಲಿನ ಹಾಗೆ ನಿಂತಿದ್ದೆ. ಇವಳಿಗೆ ಅರ್ಥವಾಗಲಿಲ್ಲ ಎಂದುಕೊಂಡಳೋ ಏನೋ, ಇನ್ನೊಂದು ಸಲ ಹಾಕಿಕೊಂಡು ತೆಗೆದು ತೋರಿಸಿದಳು. ಉಪ್ಪು ಮೆಣಸಿನಕಾಯಿಯ ಡಬ್ಬ ಕೈಗೆ ಎಟಕುವ ಹಾಗೆಯೇ ಇತ್ತು. ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಂಬರಿನ ಆ ಚೀಟಿ ತೆಗೆದು, ಒಂದೊಂದೇ ಅಂಕಿ ನೋಡಿ ಫೋನಿನಲ್ಲಿ ಒತ್ತಿದೆ. ಬಹಳ ಹೊತ್ತು ಬಡಿದುಕೊಂಡ ಮೇಲೆ ರೇಖಾ ಎತ್ತಿದಳು.

"ಯಾರ್ರಿ?"

"ಉತ್ತರಹಳ್ಳಿ ಅಜ್ಜಿ."

"ಯಾಕ್ರಿ ಅಜ್ಜಿ, ಏನಾತ್ರಿ? ಫಿಟ್ಸ್ ಬಂತೇನ್ರಿ?"

"ಬಂದಿಲ್ಲ. ಬುಕ್ಕು ತಗೊಳಮ್ಮ."

"ಅಜ್ಜಿ, ಆರೂವರಿ ಆಗೈತ್ರಿ. ಇನ್ನಾ ಹಾಸಿಗ್ಯಾಗ ಅದೀನಿ."

"ಗೊತ್ತು. ಎದ್ದು ತಗೊ."

ಅವಳು ಎದ್ದು ಪೆನ್ನು ಹುಡುಕುವ ಸದ್ದು ಕೇಳಿಸಿತು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಬರೆದದ್ದನ್ನು ಓದು ಎಂದೆ. ಮುಖದ ಮೇಲೆ ಟವಲ್ ಹಾಕಿಕೊಂಡು ತೆಗೆದು ನಕ್ಕಳು, ಒಂದು ಸಲ ಎಂದು ಓದಿದಳು. ಎರಡು ಸಲ ಕಣಮ್ಮ, ತಿದ್ದು ಎಂದೆ. ತಿದ್ದೀನ್ರಿ ಎಂದಳು. ಫೋನು ಇಟ್ಟು, ಕಾಲು ನೀಡಿ ಕೂತು, ಮಗುವಿಗೆ ನೀರು ಹಾಕಿದೆ.